ಮಾಧುರಿ ಎಂಜಿನ್ ಚಾಲೂ ಮಾಡಿದ್ಲು

ರೀ,

ನೀವು ತೀರಿಕೊಂಡಾಗಿಂದ ಟ್ರುಗನಿನಾದ ನಮ್ಮ ಮನಿ ಗ್ಯಾರೇಜಿನಾಗ ನಿಂತಿದ್ದ ನಿಮ್ಮ ಹಾಟ್ ರಾಡ್, ಜೋರ ಓಡಾಕಂತ ನೀವು ಬದಲಿಸಾಕ ಹತ್ತಿದ್ದ ಹಳೇ ಕಾರು, ಇವತ್ತ ಚಾಲೂ ಆತು. ಅದಕ್ಕ ನಿಮಗ ಎಂಟು ಸಿಲಿಂಡರಿನ ವಿ-ಏಟ್ ಎಂಜಿನ್ ಬೇಕಾಗಿತ್ತು. ನಮ್ಮ ಮಗಳು ಮಾಧುರಿಯ ಪಗಾರಕ್ಕ ಅದು ನಿಲುಕಲಿಲ್ಲ. ಗುಜರಿಯಿಂದ ಆರು ಸಿಲಿಂಡರಿನ ಹಳೇ ಎಂಜಿನ್ ತಂದು, ಪೂರಾ ಬಿಚ್ಚಿ, ಹೊಸ ರಿಂಗ್, ಬೇರಿಂಗ್ ಹಾಕಿ ತಾನ ಜೋಡಿಸಿದ್ಲು.

ಚಾಲೂ ಆದ ಕೂಡ್ಲೆ ಆಕ್ಸಿಲರೇಟರ್ ಕೇಬಲ್ ಸಿಕ್ಕೊಂಡು ಎಂಜಿನ್ ಚೀರಾಕ ಹತ್ತಿತು. ಮಾಧುರಿ ಕೀ ಆಫ್ ಮಾಡದ ಇಳಿದು ಬಂದು, ಎಂಜಿನ್ ಮ್ಯಾಲೆ ಬಗ್ಗಿ ಕೇಬಲ್ ಬಿಡಿಸಾಕ ಹೋದ್ಲು. ತಿರುಗೋ ಫ್ಯಾನಿನ ಬಾಜೂಕ ಆಕಿ ಕೈ.

“ಅಮ್ಮಾ, ಕೀ ಆಫ್ ಮಾಡು” ಅಂತ ಕೂಗಿದ್ಲು. ನಾನು ಆಕಿ ಕೈನ ನೋಡಕೋತ ನಿಂತಿದ್ದೆ ರೀ. ಮತ್ತೊಮ್ಮೆ ಕೂಗಿದ ಮ್ಯಾಲೆ ಹೋಗಿ ಆಫ್ ಮಾಡಿದೆ.

ಆಕಿಗೇನೂ ಆಗಿಲ್ಲ. “ಇಟ್ಸ್ ಜಸ್ಟ್ ಅ ಕೇಬಲ್, ಅಮ್ಮಾ” ಅಂತ ನಕ್ಕಳು. ನಾನು ನೆಲದ ಮ್ಯಾಲೆ ಕುಂತಬಿಟ್ಟಿದ್ದೆ.

ಕೇಬಲ್ ಬದಲಿಸಿ, ರಿಜಿಸ್ಟ್ರೇಷನ್ ಆದ ಮ್ಯಾಲೆ ಇದ್ರಾಗ ಸಿಡ್ನಿಗೆ ಹೋಗೂಣು ಅಂತಾಳ. ನೀವು ಅಲ್ಲಿಗೆ ಕರದಾಗೆಲ್ಲಾ ನಾನು ಮುಂದಿನ ವರ್ಷ ಅಂತಿದ್ದೆ.

ಈ ಸಲ ಹೂಂ ಅಂದೀನಿ. ಆ ಗಾಡಿಯಾಗ ಕೂಡಾಕ ನನಗ ಈಗೂ ಅಂಜಿಕಿ ಐತಿ. ಆಕೀನ್ನ ಒಬ್ಬಾಕೀನ್ನ ಕಳಸೂದು ಅದಕ್ಕಿಂತ ದೊಡ್ಡ ಅಂಜಿಕಿ.

ನಿಮ್ಮ
ಶ್ರೀದೇವಿ