ಬೆನ್ನಿನ ಮೇಲೆ ಎಷ್ಟು ಹೊಲಿಗೆ

ಫೆಬ್ರವರಿ 6
ಕೋಟಿನ ಲೈನಿಂಗ್ ಕತ್ತರಿಸುತ್ತ ಅರ್ಧಕ್ಕೇ ನಿಂತೆ. ಸೊಂಟದಿಂದ ಎಡಗಾಲಿಗೆ ಕರೆಂಟ್ ಹೊಡೆದ ಹಾಗೆ. ಟೇಬಲ್ ಹಿಡಿದುಕೊಂಡೆ. ನಾನು ಅಳತೆ ಯೋಚಿಸುತ್ತಿದ್ದೇನೆ ಅಂದುಕೊಂಡ ಗಿರಾಕಿ. ಅಂದುಕೊಳ್ಳಲಿ.
ಮಾತ್ರೆ, ಬೆಲ್ಟು, ಫಿಸಿಯೋ — ವರ್ಷವಾಯಿತು, ಎಲ್ಲ ಮುಗಿಯಿತು. ನಾಳೆ ಆಸ್ಪತ್ರೆ. ಅಕ್ಕನೂ ಬರುತ್ತಾಳಂತೆ. ಕರೆದಿರಲಿಲ್ಲ.

ಫೆಬ್ರವರಿ 7
ಬೆನ್ನುಮೂಳೆಯ ಕೆಳಗಿನ ಒಂದು ಮಣಿ ಮುಂದಕ್ಕೆ ಜಾರಿ ನರ ಒತ್ತುತ್ತಿದೆ. ಸ್ಕ್ರೂ, ರಾಡ್ ಹಾಕಿ ಎರಡು ಮಣಿಗಳನ್ನು ಒಂದಾಗಿ ಬೆಸೆಯಬೇಕು. ನಡುಬೆನ್ನನ್ನು ಉದ್ದಕ್ಕೆ ತೆರೆದು ಮಾಡಬಹುದು. ಇಲ್ಲವೇ ಎರಡೂ ಪಕ್ಕ ಸಣ್ಣ ಗಾಯ ಮಾಡಿ, ಕೊಳವೆಯೊಳಗಿಂದ.
ಡಾಕ್ಟರ್ ಚಿಕ್ಕ ಪ್ರಾಯದವನು. ಸಣ್ಣ ಗಾಯದ ಕಡೆಯವನು.
"ಸ್ನಾಯು ಬಿಡಿಸಿ ತೆಗೆಯಲ್ಲ, ಸರಿಸ್ತೀವಿ ಅಷ್ಟೆ. ರಕ್ತ ಕಡಿಮೆ ಹೋಗುತ್ತೆ. ಬೇಗ ಎದ್ದು ಓಡಾಡ್ತೀರ."
"ಒಂದು ವರ್ಷ ಆದ್ಮೇಲೆ?"
"ಆಗ ಎರಡೂ ಹೆಚ್ಚುಕಮ್ಮಿ ಒಂದೇ."
ಒಂದೇ ಅಂದಮೇಲೆ ಇಷ್ಟು ಮಾತು ಯಾಕೆ? ಲೈನಿಂಗಿನಲ್ಲಿ ಬಿಟ್ಟ ಅಂಗೈಯಗಲದ ಸಂದಿಯಿಂದ ಇಡೀ ಕೋಟನ್ನು ಎಳೆದು ಒಳಮೈ ಹೊರಮೈ ತಿರುಗಿಸುವವಳು ನಾನು. ಹೊರಗಿನ ಹೊಲಿಗೆ ಸಣ್ಣದಿದ್ದರೆ ಒಳಗಿನ ಎಡವಟ್ಟು ಯಾರಿಗೂ ಕಾಣುವುದಿಲ್ಲ.
ಅಕ್ಕ ಅಲ್ಲಿ ನನ್ನ ಫೈಲು ತಿರುವುತ್ತ ಕೂತಿದ್ದಳು. ಲಿಫ್ಟಿನಲ್ಲಿ ಮಾತ್ರ — "ತೆರೆದೇ ಮಾಡಿಸ್ಕೋ. ನನ್ನ ನೋಡು, ಚೆನ್ನಾಗಿಲ್ವಾ?" ಅವಳಿಗೆ ಇದೇ ಆಪರೇಷನ್ ಆಗಿ ಮೂರು ವರ್ಷ. ಬೇರೆ ಆಸ್ಪತ್ರೆ. ತೆರೆದು ಮಾಡಿದ್ದು.

ಫೆಬ್ರವರಿ 11, ಮಧ್ಯಾಹ್ನ
ಅಕ್ಕನ ಮನೆಗೆ ಹೋಗಿದ್ದೆ. ಅವಳ ಕೈಯಿಂದ ಚಮಚ ಬಿತ್ತು. ಬಗ್ಗಲಿಲ್ಲ. ಕಾಲಿನಿಂದ ಮೆಲ್ಲಗೆ ಸೋಫಾದಡಿಗೆ ತಳ್ಳಿ ಬೇರೆ ಚಮಚ ತಂದಳು. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.
ಚೆನ್ನಾಗಿದ್ದಾಳಂತೆ!
ಯಾಕೆ ಈ ಸುಳ್ಳು? ಗಂಡನಿಗೆ ಹೇಳಿದೆ. "ಡಾಕ್ಟರ್ ಮೇಲೂ ಅನುಮಾನ, ಅಕ್ಕನ ಮೇಲೂ ಅನುಮಾನ. ನನ್ನ ಸರದಿ ಯಾವಾಗ?" ಅಂದರು.
ಬರುತ್ತೆ. ಕಾಯಲಿ.

ಫೆಬ್ರವರಿ 19
ಒಬ್ಬಳೇ ಹೋಗಿ ಡಾಕ್ಟರನ್ನು ನೇರ ಕೇಳಿದೆ. ಸಣ್ಣ ಗಾಯದಲ್ಲಿ ಆಗದೇ ಹೋದರೆ?
"ಆಗ ತೆರೀಬೇಕಾಗುತ್ತೆ. ಅದಕ್ಕೂ ಮೊದಲೇ ನಿಮ್ಮ ಒಪ್ಪಿಗೆ ಬೇಕು. ಕೊಳವೆಯೊಳಗಿಂದ ಕಣ್ಣಿಗೆ ನೇರ ಕಾಣೋದು ಕಡಿಮೆ, ಎಕ್ಸ್‌ರೇ ಜಾಸ್ತಿ ಬೇಕು. ಕೈ ಪಳಗೋಕೂ ಟೈಮ್ ಹಿಡಿಯುತ್ತೆ."
"ನಿಮ್ಮ ಕೈ ಪಳಗಿದೆಯಾ?"
ನಗಲಿಲ್ಲ. "ಶುರುವಿನಲ್ಲಿ ಇಬ್ಬರನ್ನ ಮಧ್ಯದಲ್ಲೇ ತೆರೆದೆ. ಆಮೇಲೆ ಬೇಕಾಗಿಲ್ಲ. ನಿಮಗೂ ಬೇಕಾಗಲ್ಲ ಅಂತ ಮಾತು ಕೊಡಕ್ಕಾಗಲ್ಲ."
ಮೊದಲ ಸಲ ನಂಬಿಕೆ ಬಂತು. ಅದೇ ಭಯ. ನಂಬಿಸುವುದೂ ಒಂದು ಕಸುಬೇ ಅಲ್ಲವೇ...
ಸಣ್ಣ ಗಾಯಕ್ಕೇ ಸಹಿ ಹಾಕಿದೆ.

ಫೆಬ್ರವರಿ 20
ಅಕ್ಕನಿಗೆ ಹೇಳಿದೆ. ಫೋನಿಟ್ಟಳು.

ಮಾರ್ಚ್ 9, ಆಸ್ಪತ್ರೆ
ಮೊನ್ನೆ ಆಯಿತು. ಎಡಗಾಲಿನ ಆ ಕರೆಂಟ್ ಇಲ್ಲ. ಬರೆಯಲೂ ಹೆದರಿಕೆ.
ಅಂದುಕೊಂಡ ಹಾಗೇ ಆಯಿತು, ಗಾಯ ಸಣ್ಣದು ಅಂತ ಡಾಕ್ಟರ್. ಹೌದೌದು ಅಂದರು ಗಂಡ, ಗೋಡೆ ನೋಡುತ್ತ. ಬ್ಯಾಂಡೇಜ್ ಮಾತ್ರ ಇಷ್ಟಗಲ. ತೆರೆದುಬಿಟ್ಟು ಸುಮ್ಮನಿದ್ದಾರೇನೋ. ನನ್ನದೇ ಬೆನ್ನು, ನನಗೊಬ್ಬಳಿಗೇ ಕಾಣುವುದಿಲ್ಲ.

ಮಾರ್ಚ್ 10, ಬೆಳಿಗ್ಗೆ
ನರ್ಸ್ ಬ್ಯಾಂಡೇಜ್ ಬಿಚ್ಚುವಾಗ ಅಕ್ಕ ಒಳಗೆ ಬಂದಳು. ಫೋನಿಟ್ಟ ಮೇಲೆ ಇವತ್ತೇ ಮುಖ ತೋರಿಸಿದ್ದು. ಇವಳನ್ನು ನಂಬುವುದು ಹೇಗೆ? ಆದರೂ ಕೇಳಿದೆ.
"ಎಷ್ಟಿದೆ?"
ನರ್ಸಿನ ಹಿಂದೆ ಬಂದು ನಿಂತಳು.
"ಅಕ್ಕಾ, ಎಷ್ಟಿದೆ?"
"ಎರಡು. ಪಕ್ಕಕ್ಕೊಂದು. ನನ್ನ ಹೆಬ್ಬೆರಳಷ್ಟುದ್ದ."
ದನಿ ಒಡೆದಿತ್ತು. ಆ ದನಿಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ.
ನರ್ಸ್ ಹೋದಮೇಲೆ ಮಂಚದ ಅಂಚಿಗೆ ಕೈಯೂರಿ ನಿಧಾನಕ್ಕೆ ಕೂತಳು.
"ನಂಗೆ ವಾಸಿಯಾಗಿಲ್ಲ ಕಣೇ. ನೋವು ವಾಪಸ್ ಬಂದು ಎಷ್ಟೋ ದಿನ ಆಯ್ತು. ನೀನು ಇಷ್ಟು ಸಣ್ಣ ಗಾಯದಲ್ಲೇ ಎದ್ದು ಓಡಾಡಿಬಿಟ್ರೆ, ನಾನ್ಯಾಕೆ ಅಷ್ಟುದ್ದ ಕುಯ್ಸ್ಕೊಂಡೆ ಅನ್ನಿಸ್ತಿತ್ತು. ಹೊಟ್ಟೆ ಉರೀತು. ಅದಕ್ಕೇ ತೆರೆದೇ ಮಾಡಿಸ್ಕೋ ಅಂದೆ."
ಬೈಯಬೇಕಿತ್ತು. ಬಾಯಿಗೆ ಬಂದದ್ದು ಬೇರೆ.
"ಗಾಯದ ಉದ್ದಕ್ಕೂ ಅದಕ್ಕೂ ಏನು ಸಂಬಂಧ? ಮೂಳೆ ಕೂಡಿಕೊಂಡಿಲ್ವೋ ಏನೋ. ತೋರಿಸಿದ್ಯಾ?"
"ಮತ್ತೆ ಕುಯ್ಬೇಕು ಅಂದ್ಬಿಟ್ರೆ?"
ತೋರಿಸಿಯೇ ಇಲ್ಲ! ಯಾರಿಗೂ ಹೇಳಿಲ್ಲ, ಭಾವನಿಗೂ.
ಡಾಕ್ಟರ್ ರೌಂಡ್ಸಿಗೆ ಬರುತ್ತಿದ್ದಾನೆ, ಪಕ್ಕದ ರೂಮಿನಲ್ಲಿ ಮಾತು ಕೇಳುತ್ತಿದೆ. ಅಕ್ಕ ಬ್ಯಾಗ್ ಎತ್ತಿಕೊಂಡು ಏಳಲು ನೋಡುತ್ತಿದ್ದಾಳೆ. "ಬಿಡೇ, ಆಮೇಲೆ ನೋಡೋಣ" ಅನ್ನುತ್ತಿದ್ದಾಳೆ. ಎಡಗೈಯಲ್ಲಿ ಅವಳ ಮಣಿಕಟ್ಟು ಹಿಡಿದಿದ್ದೇನೆ. ಬಿಡುವುದಿಲ್ಲ. ಬಲಗೈಯಲ್ಲಿ ಬರೆಯುತ್ತಿರುವುದು ಇದು, ಅಕ್ಷರ ಸೊಟ್ಟ... ಬಾಗಿಲು ತೆಗೆದ—