ತೋಟದ ಬಾಗಿಲಿನ ಸಾಕ್ಷಿ

ಹೇಝಲ್‌ವಿಕ್, ಡೋರ್ಸೆಟ್
ಮಾರ್ಚ್ ೯, ೧೯೩೮

ಪ್ರೀತಿಯ ಆಂಬ್ರೋಸ್,

ನಿನ್ನ ಸೊಂಟನೋವು ಹೇಗಿದೆ? ದಿನವಿಡೀ ನ್ಯಾಯಪೀಠದ ಮೇಲೆ ಕೂತರೆ ಇನ್ನೇನಾದೀತು, ಬೆಚ್ಚಗೆ ಫ್ಲಾನಲ್ ಬಟ್ಟೆ ಸುತ್ತಿಕೋ. ನನಗೆ ಎಂಬತ್ತೊಂದಾದರೂ ಗುಂಡುಕಲ್ಲಿನ ಹಾಗಿದ್ದೇನೆ. ಸೇಬಿನ ಸೈಡರ್ ಕುಡಿಯುವುದರಲ್ಲಿ ನನ್ನನ್ನು ಮೀರಿಸುವ ಗಂಡು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

ಊರ ಜನರ ಹಾದಿಹಕ್ಕಿನ ಕುರಿತ ನಿನ್ನ ಪುಸ್ತಕ ಮೂರನೆಯ ಸಲ ಅಚ್ಚಾಗುತ್ತಿದೆ, ಅದಕ್ಕೆ ತೋಟದ ಬಾಗಿಲ ಪಕ್ಕ ನಿಂತ ನನ್ನ ಚಿತ್ರ ಬೇಕೆಂದು ಬರೆದಿದ್ದೀಯ. ಊರ ಶಾಲೆಯಲ್ಲಿ ನಾಲ್ಕು ವರ್ಷ ಬೆಂಚು ಸವೆಸಿದ ನನ್ನಂಥವನು ಕಾನೂನಿನ ಪುಸ್ತಕದಲ್ಲಿ ಕೂತಿರುವುದೆಂದರೆ ಸುಮ್ಮನೆಯೇ? ನನ್ನ ಸಾಕ್ಷ್ಯವಿರುವ ಪುಟವನ್ನು ಪಬ್ಬಿನಲ್ಲಿ ನೂರು ಸಲ ಓದಿಸಿದ್ದೇನೆ. ಅದು ಊರಿನ ಪರ ವಕೀಲನಾಗಿ ನಿನ್ನ ಮೊದಲ ಮೊಕದ್ದಮೆ. ಡಾರ್ಕಸ್ ಲವೆಲಳ ಸೇಬಿನ ತೋಟದೊಳಗಿನ ಕಾಲುದಾರಿ ಊರಿನದೋ ಅವಳದೋ ಎಂಬ ವ್ಯಾಜ್ಯ. ವರ್ಷಕ್ಕೊಂದು ದಿನ ಬಾಗಿಲು ಹಾಕಿದ್ದರೂ ಸಾಕು, ಕಾನೂನಿನ ಪ್ರಕಾರ ದಾರಿ ಅವಳದೇ. ಆಗಷ್ಟೇ ತೀರಿಹೋಗಿದ್ದ ತನ್ನ ಗಂಡ ಪ್ರತಿ ಫೆಬ್ರವರಿಯ ಮೇಣದಬತ್ತಿ ಹಬ್ಬದಂದು ನನ್ನ ಕೈಯಿಂದಲೇ ಬೀಗ ಹಾಕಿಸುತ್ತಿದ್ದನೆಂದು ಅವಳು ಹೇಳಿದಳು. ನಾನು ಟೋಪಿ ತೆಗೆದು, "ನಲ್ವತ್ತು ವರ್ಷದಿಂದ ನಡೀತಿದೀನಿ ಸ್ವಾಮಿ, ಆ ಬಾಗ್ಲು ಮುಚ್ಚಿದ್ದೇ ಕಂಡಿಲ್ಲ, ಬೀಗ ಇನ್ನೆಲ್ಲಿಂದ ಬಂತು" ಅಂದೆ. ಕೋರ್ಟೇ ನಕ್ಕಿತು. ನೀನು ಗೆದ್ದೆ, ಅಲ್ಲಿಂದ ಮೇಲೇರುತ್ತಲೇ ಹೋದೆ. ಶೋಕದಿಂದ ನೆನಪು ಕದಡಿದವರ ಸಾಕ್ಷ್ಯ ನಂಬಲರ್ಹವಲ್ಲ ಎಂದು ಅವಳ ಹೆಸರು ಹಾಕಿಯೇ ಪುಸ್ತಕದಲ್ಲಿ ಬರೆದೆ.

ಹೋದ ಭಾನುವಾರ ಚರ್ಚಿನ ಗೋಡೆಯ ಹತ್ತಿರ ಅವಳು ಕೋಲೂರಿ ನಿಂತಿದ್ದಳು. ಪುಸ್ತಕ ಮತ್ತೆ ಅಚ್ಚಾಗುವ ಸುದ್ದಿ ಅವಳಿಗೆ ಮುಟ್ಟಿತ್ತು; ಡಂಗುರ ಹೊಡೆದವನು ನಾನೇ ತಾನೆ. ಇಪ್ಪತ್ತೇಳು ವರ್ಷದ ಮೇಲೆ ಮೊದಲ ಮಾತು: "ದಾರಿ ಹೋದ್ರೆ ಹೋಗ್ಲಿ ಜೇಬೆಜ್, ಜನ ಓಡಾಡ್ಕೊಳ್ಲಿ. ನಂಗೆ ತಲೆ ಕೆಟ್ಟಿತ್ತು ಅಂತ ಇನ್ನೊಂದ್ಸಲ ಅಚ್ಚು ಹಾಕಿಸ್ಬೇಡ." ಏನಾದರೂ ತಮಾಷೆ ಮಾಡಿ ಜಾರಿಕೊಳ್ಳೋಣವೆಂದುಕೊಂಡೆ. ಬದಲಿಗೆ ಟೋಪಿ ತೆಗೆದೆ.

ಸೊಸೆ ವಿನಿಫ್ರೆಡ್‌ಗೆ ನನ್ನ ಆಶೀರ್ವಾದ. ನಿನ್ನ ತಾಯಿಯ ಸಮಾಧಿಯ ಮೇಲೆ ಡ್ಯಾಫಡಿಲ್ ಹೂ ಇಟ್ಟು ಬಂದೆ. ತಂಗಿ ಇದ್ದಿದ್ದರೆ ಈ ಕಾಗದ ಎಂದೋ ಬರೆಸಿರುತ್ತಿದ್ದಳು.

ನಿನ್ನ ಸೋದರಮಾವ,
ಜೇಬೆಜ್

ಮರೆತಿದ್ದೆ: ಲಕೋಟೆಯಲ್ಲಿ ಭಾರವಾಗಿರುವುದು ಚಿತ್ರವಲ್ಲ, ಆ ಬಾಗಿಲ ಬೀಗದ ಕೈ. ಪ್ರತಿ ಮೇಣದಬತ್ತಿ ಹಬ್ಬಕ್ಕೂ ಅವಳ ಗಂಡನಿಂದ ಒಂದು ಹೂಜಿ ಸೈಡರ್ ಇಸಿದುಕೊಂಡು ಬೀಗ ಹಾಕುತ್ತಿದ್ದೆ. ಕಟಕಟೆ ಹತ್ತಿದ ದಿನವೂ ಅದು ನನ್ನ ಕೋಟಿನ ಜೇಬಿನಲ್ಲೇ ಇತ್ತು. ಪುಟ ತಿದ್ದು. ನನ್ನ ಹೆಸರು ಮಾತ್ರ ತೆಗೆಯಬೇಡ, ಸುಳ್ಳು ಹೇಳಿದವನು ಯಾರೆಂದು ಅಲ್ಲೇ ಬರೆ. ಡಾರ್ಕಸ್‌ಗೆ ಎಂಬತ್ತನಾಲ್ಕು, ಬೇಗ ಅಚ್ಚು ಮಾಡಿಸು.