ಒಂದೇ ಮುಖವಾಡ

ಮಾರ್ಚ್ ೧೪, ರಾತ್ರಿ.

ಅಗ್ಗಕ್ಕೆ ಸಿಕ್ಕಿತೆಂದು ಇವರು ತರಿಸಿದ ವಿದೇಶಿ ವೆಲ್ಡಿಂಗ್ ಮಷೀನು ಇವತ್ತು ಬಂತು. ಜೊತೆಗಿದ್ದದ್ದು ಒಂದೇ ಮುಖವಾಡ. ನಮ್ಮ ಗೇಟಿನ ಕೀಲು ಮುರಿದು ವರ್ಷವಾಯಿತು; ಮೊದಲ ಬೆಸುಗೆ ಬಿದ್ದದ್ದು ಮಾತ್ರ ಪಕ್ಕದ ಮನೆಯ ಟೈಲರಮ್ಮನ ಹೊಲಿಗೆ ಮಷೀನಿನ ಕಾಲಿಗೆ.

“ನಾನೂ ಒಂದ್ಸಲ ಹಾಕ್ಲಾ, ಅಣ್ಣಾ?” ಎಂದಳು. ಕರೆಯುವುದು ಅಣ್ಣ ಎಂದೇ. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಇವರು ಮುಖವಾಡವನ್ನು ಅವಳಿಗೆ ತೊಡಿಸಿ, ಹಿಂದೆ ನಿಂತು ಅವಳ ಕೈ ಹಿಡಿದು, ತಾವು ಕಣ್ಣು ಮುಚ್ಚಿಕೊಂಡು ಕಿಡಿ ಹೊತ್ತಿಸಿದರು.

“ನೀನು ಗೋಡೆ ಕಡೆ ತಿರುಗೇ, ಕಣ್ಣು ಹೋಗತ್ತೆ.”

ನಾನು ತಿರುಗಲಿಲ್ಲ. ಆ ಎರಡು ಕೈಗಳನ್ನೇ ನೋಡಿದೆ.

ಈಗ ಕಣ್ಣಿಗೆ ಮರಳು ಸುರಿದ ಹಾಗಿದೆ. ನಾನು ಓದುವ ಅನುವಾದಿತ ಕಾದಂಬರಿಗಳಲ್ಲಿ ಇಂಥ ಹೆಂಡತಿಯರು ಕಿಟಕಿಯ ಬಳಿ ಹೋಗಿ ನಿಲ್ಲುತ್ತಾರೆ. ನಾನು ನಿಂತದ್ದು ನಲ್ಲಿಯ ಬಳಿ, ಕಣ್ಣು ತೊಳೆಯುತ್ತ.

ಇವರು ಎದ್ದು ಬಂದರು. “ಅಳ್ತಿದೀಯಾ?”

“ಇಲ್ಲ, ಬೆಳಕು ನೋಡ್ಬಿಟ್ಟೆ.”

“ತಿರುಗು ಅಂದಿದ್ನಲ್ಲ.” ಒದ್ದೆ ಬಟ್ಟೆ ಹಿಂಡಿ ಕೊಟ್ಟು ಹೋಗಿ ಮಲಗಿದರು.

ನಾಳೆ ಗೇಟಿನ ಸರದಿಯಂತೆ. ಮುಖವಾಡವನ್ನು ನಾನೇ ಕೇಳಿ ಹಾಕಿಕೊಳ್ಳುತ್ತೇನೆ. ಹಿಂದೆ ನಿಂತು ಕೈ ಹಿಡಿಯಿರಿ ಎಂದು ಮಾತ್ರ ಕೇಳಲಾರೆ, ಅದು ಇವರಿಗೇ ಹೊಳೆಯಬೇಕು.